ಕೀ ಕೊಡುವ ವಾಚು: ಒಳಗಿನ ಕೆಲಸ ಹೇಗೆ, ಸಮಯ ಸರಿಪಡಿಸುವುದು ಹೇಗೆ

ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ಮುಂಬಯಿಯ ಹಳೆಯ ಕನ್ನಡ ಮನೆಗಳ ಕಪಾಟಿನ ಲಾಕರಿನಲ್ಲಿ ಹುಡುಕಿದರೆ ಒಂದು ಎಚ್‌ಎಂಟಿ ವಾಚು ಸಿಗುವ ಸಂಭವ ಹೆಚ್ಚು. ಮದುವೆಯಲ್ಲಿ ಮಾವ ಕೊಟ್ಟದ್ದೋ, ಅಪ್ಪ ಮೊದಲ ಸಂಬಳದಲ್ಲಿ ಕೊಂಡದ್ದೋ ಇರುತ್ತದೆ. ಕೀ ಕೊಟ್ಟರೆ ಈಗಲೂ ಓಡುತ್ತದೆ. ನಾಲ್ಕು ದಿನ ಕಟ್ಟಿಕೊಂಡ ಮೇಲೆ "ದಿನಾ ಹಿಂದೆ ಬೀಳ್ತದೆ" ಎಂದು ಮತ್ತೆ ಲಾಕರಿಗೆ ಹೋಗುತ್ತದೆ. 8.47ರ ಫಾಸ್ಟ್ ಲೋಕಲ್ ಹಿಡಿಯಬೇಕಾದವರಿಗೆ ಎರಡು ನಿಮಿಷವೂ ದೊಡ್ಡದೇ.

ಹಿಂದೆ ಬೀಳುವ ವಾಚು ಕೆಟ್ಟಿದೆ ಎಂದೇನಿಲ್ಲ. ದಿನವೂ ಒಂದೇ ಅಳತೆಯಲ್ಲಿ ಹಿಂದೆ ಬೀಳುವ ವಾಚು ಚೆನ್ನಾಗಿಯೇ ಇದೆ, ಅದರೊಳಗಿನ ಒಂದು ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಮುಗಿಯಿತು. ಇವತ್ತು ಮುಂದೆ ಓಡಿ ನಾಳೆ ಹಿಂದೆ ಬೀಳುವ ವಾಚಿಗೆ ಮಾತ್ರ ರಿಪೇರಿ ಬೇಕು. ಯಾವುದು ಎಂಥದು ಎಂದು ಗೊತ್ತಾಗಬೇಕಾದರೆ ಮುಚ್ಚಳ ಬಿಚ್ಚುವ ಮೊದಲು ಅಳೆಯಬೇಕು. ಈ ಬರಹದ ಹೆಚ್ಚಿನ ಭಾಗ ಅಳತೆಗೇ ಮೀಸಲು.

ಒಳಗೆ ಏನು ನಡೆಯುತ್ತದೆ

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ಆ ಕಾರ್ಖಾನೆಯ ‘ಜನತಾ’ವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 17 ಜ್ಯುವೆಲ್ (ಘರ್ಷಣೆ ತಗ್ಗಿಸುವ ಮಾಣಿಕ್ಯದ ಕಲ್ಲುಗಳು), ಗಂಟೆಗೆ 18,000 ಬಡಿತ. ಬೇರೆ ಕೀ ವಾಚುಗಳಲ್ಲಿ ಅಂಕಿಗಳು ಬದಲಾಗಬಹುದು, ತತ್ತ್ವ ಒಂದೇ.

ಕೀ ಗುಂಡಿ ತಿರುಗಿಸಿದಾಗ ಬ್ಯಾರಲ್ ಎಂಬ ಹಲ್ಲಿನ ಡಬ್ಬಿಯೊಳಗೆ ಮೇನ್‌ಸ್ಪ್ರಿಂಗ್ ಎಂಬ ಉದ್ದನೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವಾಗ ಬರುವ ಬಲವೇ ವಾಚನ್ನು ನಡೆಸುವುದು. ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನ ಸುಲಭವಾಗಿ ಓಡುತ್ತದೆ. ತೊಂದರೆ ಇಷ್ಟೆ: ಈ ಬಲ ಬೆಳಿಗ್ಗೆ ಇದ್ದಷ್ಟು ರಾತ್ರಿ ಇರುವುದಿಲ್ಲ.

ಬ್ಯಾರಲ್ಲಿನಿಂದ ಬಲ ಚಕ್ರಗಳ ಸಾಲಿಗೆ ಹೋಗುತ್ತದೆ. ಇಲ್ಲಿ ಲೆಕ್ಕ ಬಹಳ ಚಂದ. ಸೆಂಟರ್ ಚಕ್ರ ಗಂಟೆಗೆ ಒಂದು ಸುತ್ತು, ನಾಲ್ಕನೇ ಚಕ್ರ ನಿಮಿಷಕ್ಕೆ ಒಂದು ಸುತ್ತು ಹಾಕಬೇಕು. ಅಂದರೆ ನಡುವೆ 60 ಪಟ್ಟು ವೇಗ ಹೆಚ್ಚಬೇಕು. 18,000 ಬಡಿತದ ಹಳೆಯ ವಾಚುಗಳಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕ ಹೀಗಿದೆ: 64 ಹಲ್ಲಿನ ಸೆಂಟರ್ ಚಕ್ರ ಮೂರನೇ ಚಕ್ರದ 8 ಹಲ್ಲಿನ ಪಿನಿಯನ್ನನ್ನು (ಅದೇ ಅಚ್ಚಿನ ಸಣ್ಣ ಹಲ್ಲುಚಕ್ರ) ತಿರುಗಿಸುತ್ತದೆ, ಅದು 8 ಪಟ್ಟು. 60 ಹಲ್ಲಿನ ಮೂರನೇ ಚಕ್ರ ಇನ್ನೊಂದು 8 ಹಲ್ಲಿನ ಪಿನಿಯನ್ನನ್ನು ತಿರುಗಿಸುತ್ತದೆ, ಅದು ಏಳೂವರೆ ಪಟ್ಟು. ಎರಡನ್ನೂ ಗುಣಿಸಿದರೆ ಸರಿಯಾಗಿ 60. ನಾಲ್ಕನೇ ಚಕ್ರದ 70 ಹಲ್ಲು ಸಾಲಿನ ಕೊನೆಯ ಎಸ್ಕೇಪ್ ಚಕ್ರದ 7 ಹಲ್ಲಿನ ಪಿನಿಯನ್ನಿಗೆ ಸೇರಿದರೆ ಇನ್ನೂ 10 ಪಟ್ಟು. ಎಸ್ಕೇಪ್ ಚಕ್ರಕ್ಕೆ 15 ಹಲ್ಲು, ಒಂದೊಂದು ಹಲ್ಲಿಗೆ ಎರಡು ಬಡಿತ. 60 × 10 × 30 = 18,000. ಪುಸ್ತಕದಲ್ಲಿ ಬರೆದ ಗಣಿತ ಹಿತ್ತಾಳೆಯಲ್ಲಿ ಹೀಗೆ ಚೂರೂ ತಪ್ಪದೆ ಕೂರುವುದು ನನಗೆ ಇವತ್ತಿಗೂ ಬೆರಗು.

ಹಾಗೆಯೇ ಬಿಟ್ಟರೆ ಇಡೀ ಸಾಲು ಕೆಲವೇ ಸೆಕೆಂಡುಗಳಲ್ಲಿ ಗಿರ್ರನೆ ತಿರುಗಿ ಸ್ಪ್ರಿಂಗ್ ಖಾಲಿಯಾಗುತ್ತದೆ. ಅದನ್ನು ತಡೆದು ತಡೆದು ಬಿಡುವುದು ಪ್ಯಾಲೆಟ್ ಫೋರ್ಕ್. ಅದರ ಎರಡು ತುದಿಗಳಲ್ಲಿ ಮಾಣಿಕ್ಯದ ಎರಡು ಕಲ್ಲುಗಳಿವೆ. ಒಂದು ಕಲ್ಲು ಎಸ್ಕೇಪ್ ಚಕ್ರದ ಹಲ್ಲನ್ನು ಬಿಟ್ಟ ಕೂಡಲೇ ಇನ್ನೊಂದು ಮುಂದಿನ ಹಲ್ಲನ್ನು ಹಿಡಿಯುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಈ ಬಿಡುವ, ಹಿಡಿಯುವ ಸದ್ದು. ಇಂಥ ಲಿವರ್ ಏರ್ಪಾಟನ್ನು ಇಂಗ್ಲೆಂಡಿನ ಥಾಮಸ್ ಮಡ್ಜ್ 18ನೇ ಶತಮಾನದ ನಡುವಿನಲ್ಲಿ ರೂಪಿಸಿದ. ಇವತ್ತಿನ ಬಹುತೇಕ ಕೀ ವಾಚುಗಳಲ್ಲಿ ಅದರ ಸುಧಾರಿತ ರೂಪವೇ ಇದೆ.

ಯಾವಾಗ ಬಿಡಬೇಕು ಎಂದು ಪ್ಯಾಲೆಟ್ಟಿಗೆ ಹೇಳುವುದು ಬ್ಯಾಲೆನ್ಸ್ ಚಕ್ರ. ಮುಚ್ಚಳ ತೆಗೆದಾಗ ಅತ್ತಿತ್ತ ತಿರುಗುತ್ತ ಮಿನುಗುವ ಚಕ್ರವೇ ಅದು. ಲೂಪ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಹಾಕಿ ನೋಡಿದರೆ ಅದರ ಮೇಲೆ ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗ್ ಸುರುಳಿ ಹರಡುತ್ತ, ಮುದುಡುತ್ತ ಇರುವುದು ಕಾಣುತ್ತದೆ. ಸುರುಳಿಯ ಎಳೆಗಳು ಎಲ್ಲ ಕಡೆ ಸಮ ಅಂತರದಲ್ಲಿರಬೇಕು, ಒಂದಕ್ಕೊಂದು ತಾಗಬಾರದು. 1675ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಈ ಸುರುಳಿಯನ್ನು ಗಡಿಯಾರಕ್ಕೆ ತಂದ ಮೇಲೆಯೇ ಜೇಬಿನ ಗಡಿಯಾರದ ನಿಮಿಷದ ಮುಳ್ಳಿಗೆ ನಿಜವಾದ ಅರ್ಥ ಬಂತು.

ಉಯ್ಯಾಲೆಯನ್ನು ಸಣ್ಣದಾಗಿ ತೂಗಿದರೂ ಸ್ವಲ್ಪ ಜೋರಾಗಿ ತೂಗಿದರೂ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಬ್ಯಾಲೆನ್ಸ್ ಮತ್ತು ಹೇರ್‌ಸ್ಪ್ರಿಂಗ್ ಜೋಡಿಯ ಗುಣವೂ ಅದೇ. ಚಕ್ರದ ತೂಕದ ಹಂಚಿಕೆ ಮತ್ತು ಸುರುಳಿಯ ಬಿಗಿ, ಈ ಎರಡೇ ಅದರ ವೇಗವನ್ನು ನಿರ್ಧರಿಸುತ್ತವೆ. ಮೇನ್‌ಸ್ಪ್ರಿಂಗ್ ಮಾಡುವುದು ತೂಗು ನಿಲ್ಲದಂತೆ ಪ್ರತಿ ಬಡಿತಕ್ಕೂ ಒಂದಿಷ್ಟು ನೂಕುವುದು ಮಾತ್ರ. ಈ ಹೊತ್ತು ನಿಜಕ್ಕೂ ಪೂರ್ತಿ ಒಂದೇ ಆಗಿದ್ದಿದ್ದರೆ ವಾಚು ಎಂದೂ ತಪ್ಪುತ್ತಿರಲಿಲ್ಲ. ಕೆಳಗಿನ ಹಂತಗಳೆಲ್ಲ ಆ ‘ಹೆಚ್ಚುಕಡಿಮೆ’ಯನ್ನು ಪತ್ತೆ ಹಚ್ಚುವ ಕೆಲಸ.

ಎಷ್ಟು ನಿಖರತೆ ಕೇಳುತ್ತಿದ್ದೇವೆ ಎಂಬುದೂ ಗೊತ್ತಿರಲಿ. ಜನತಾ ದಿನಕ್ಕೆ 4,32,000 ಸಲ ಬಡಿಯುತ್ತದೆ. ಅದರಲ್ಲಿ 50 ಬಡಿತ ಹೆಚ್ಚುಕಡಿಮೆಯಾದರೆ ದಿನಕ್ಕೆ 10 ಸೆಕೆಂಡಿನ ತಪ್ಪು. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷೆಯಲ್ಲಿ ಪಾಸಾಗಲು ಸರಾಸರಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಅಷ್ಟರೊಳಗೆ ಇರಬೇಕು. ಹಳೆಯ ಎಚ್‌ಎಂಟಿ 20 ಸೆಕೆಂಡಿನ ಒಳಗೆ ನಿಂತರೆ ನಾನು ಅದನ್ನು ಒಳ್ಳೆಯ ವಾಚು ಎನ್ನುತ್ತೇನೆ.

ಹಂತ 1: ಕೀ ಕೊಡುವ ಶಿಸ್ತು

ದಿನವೂ ಒಂದೇ ಹೊತ್ತಿಗೆ ಕೀ ಕೊಡಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಕೊಟ್ಟರೆ ಒಳ್ಳೆಯದು, ಕೈ ಅಲುಗಾಟ ಹೆಚ್ಚಿರುವ ಹಗಲಿನಲ್ಲಿ ಸ್ಪ್ರಿಂಗ್ ತುಂಬಿರುತ್ತದೆ. ವಾಚನ್ನು ಕೈಯಿಂದ ಬಿಚ್ಚಿ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ದಂಡಕ್ಕೆ ಓರೆಯಾಗಿ ಒತ್ತಡ ಬೀಳುತ್ತದೆ. ಗುಂಡಿ ತಾನಾಗಿ ನಿಲ್ಲುವವರೆಗೆ ನಿಧಾನವಾಗಿ ತಿರುಗಿಸಿ, ನಿಂತ ಮೇಲೆ ಒತ್ತಾಯ ಬೇಡ. "ಹೆಚ್ಚು ಕೀ ಕೊಟ್ಟರೆ ವಾಚು ಕೆಡುತ್ತದೆ" ಎಂಬ ಹೆದರಿಕೆಯಿಂದ ಅರ್ಧಕ್ಕೇ ಬಿಡುವವರಿದ್ದಾರೆ. ಅರ್ಧ ಕೀಯಲ್ಲಿ ಓಡುವ ವಾಚನ್ನು ಅಳೆಯುವುದರಲ್ಲಿ ಅರ್ಥವಿಲ್ಲ.

ಹಂತ 2: ಪುಸ್ತಕದಲ್ಲಿ ಬರೆಯಿರಿ

ಹೋಲಿಸಲು ಒಂದೇ ಸಮಯ ಇಟ್ಟುಕೊಳ್ಳಿ. ನೆಟ್‌ವರ್ಕಿನಿಂದ ಸಮಯ ಪಡೆಯುವ, ಸೆಕೆಂಡ್ ತೋರಿಸುವ ಮೊಬೈಲ್ ಗಡಿಯಾರ ಸಾಕು. ಇವತ್ತು ಮೊಬೈಲ್, ನಾಳೆ ಸ್ಟೇಷನ್ನಿನ ಇಂಡಿಕೇಟರ್, ನಾಡಿದ್ದು ಟಿವಿ ಎಂದು ಬದಲಿಸಬೇಡಿ.

ಒಂದೇ ಸಮಯ ಎಂಬುದೂ ಈ ಊರಿಗೆ ತಡವಾಗಿ ಬಂದದ್ದು. ಭಾರತೀಯ ಪ್ರಮಾಣ ಸಮಯ 1906ರಲ್ಲಿ ಜಾರಿಗೆ ಬಂದರೂ ಮುಂಬಯಿ ತನ್ನದೇ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಉಳಿಸಿಕೊಂಡಿತ್ತು. ಅದು ಪ್ರಮಾಣ ಸಮಯಕ್ಕಿಂತ 39 ನಿಮಿಷ ಹಿಂದೆ. ಕಾರಣ ಭೂಗೋಳ. ಪ್ರಮಾಣ ಸಮಯದ ರೇಖೆ 82.5 ಡಿಗ್ರಿ ಪೂರ್ವದಲ್ಲಿದೆ, ಮುಂಬಯಿ ಸುಮಾರು 72.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿ, ಸರಿಹೋಗುತ್ತದೆ. ಆಗ ಈ ಊರಲ್ಲಿದ್ದವರು ಎರಡು ಸಮಯಗಳ ನಡುವೆ ಲೆಕ್ಕ ಹಾಕಿಕೊಂಡೇ ಓಡಾಡಬೇಕಿತ್ತು.

ಈಗ ಅಳತೆ. ಜನತಾದಂಥ ಹಳೆಯ ವಾಚುಗಳಲ್ಲಿ ಗುಂಡಿ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ ಸೆಕೆಂಡಿಗೆ ಸೆಕೆಂಡ್ ಹೊಂದಿಸಲು ಒದ್ದಾಡಬೇಡಿ, ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳಿ. ನಿಮ್ಮ ವಾಚಿನ ಸೆಕೆಂಡ್ ಮುಳ್ಳು 12ಕ್ಕೆ ಬಂದು 7 ಗಂಟೆ 0 ನಿಮಿಷ ತೋರಿಸುವಾಗ ಮೊಬೈಲಿನಲ್ಲಿ 7:00:22 ಇದ್ದರೆ ವಾಚು 22 ಸೆಕೆಂಡ್ ಹಿಂದೆ. ಕೀ ಕೊಡುವ ಮೊದಲು, ದಿನವೂ ಅದೇ ಹೊತ್ತಿಗೆ ಹೀಗೆ ಬರೆಯಿರಿ. ಒಂದು ವಾರ ಮುಳ್ಳು ತಿದ್ದಲೇಬೇಡಿ.

ಹಂತ 3: ಬರೆದದ್ದನ್ನು ಓದುವುದು

ಸೋಮವಾರ 0, ಮಂಗಳವಾರ 22 ಹಿಂದೆ, ಬುಧವಾರ 45, ಗುರುವಾರ 66, ಶುಕ್ರವಾರ 89 ಎಂದು ಬಂದಿದೆ ಎನ್ನಿ. ದಿನದ ವ್ಯತ್ಯಾಸ 22, 23, 21, 23. ಇದು ಚೆನ್ನಾಗಿರುವ ವಾಚು. ವೇಗ ಹೊಂದಿಸುವ ಕಡ್ಡಿ, ಅಂದರೆ ರೆಗ್ಯುಲೇಟರ್, ಸ್ವಲ್ಪ ಸರಿಸಿದರೆ ಸಾಕು.

ಇನ್ನೊಂದು ವಾಚಿನಲ್ಲಿ 0, 5 ಹಿಂದೆ, 30 ಮುಂದೆ, 8 ಹಿಂದೆ ಎಂದು ಬಂದಿದೆ ಎನ್ನಿ. ಗುರುವಾರ ನೋಡಿದರೆ ‘ಬರೀ 8 ಸೆಕೆಂಡ್’ ಎಂದು ಖುಷಿಯಾಗಬಹುದು. ವಾಸ್ತವದಲ್ಲಿ ಮೊದಲನೆಯದಕ್ಕಿಂತ ಇದು ಎಷ್ಟೋ ಕೆಟ್ಟ ಸ್ಥಿತಿಯಲ್ಲಿದೆ. ಆಯಿಲ್ ಒಣಗಿರಬಹುದು, ಹಲ್ಲುಗಳಲ್ಲಿ ಕೊಳೆ ಇರಬಹುದು. ಇದರ ರೆಗ್ಯುಲೇಟರ್ ಮುಟ್ಟುವುದು ವ್ಯರ್ಥ.

ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದ್ದರೆ ಹಂತ 5ಕ್ಕೆ ಹೋಗಿ.

ಹಂತ 4: ಮಲಗಿಸಿ, ನಿಲ್ಲಿಸಿ ನೋಡುವುದು

ಡಯಲ್ ಮೇಲೆ ಮಾಡಿ ಮಲಗಿಸಿದಾಗ ಬ್ಯಾಲೆನ್ಸಿನ ಅಚ್ಚು ತನ್ನ ದುಂಡನೆಯ ತುದಿಯ ಮೇಲೆ ತಿರುಗುತ್ತದೆ, ಘರ್ಷಣೆ ಕಡಿಮೆ. ವಾಚನ್ನು ನಿಲ್ಲಿಸಿದಾಗ ಅಚ್ಚಿನ ಪಕ್ಕ ಕಲ್ಲಿಗೆ ಒರಗುತ್ತದೆ, ಘರ್ಷಣೆ ಹೆಚ್ಚಿ ತೂಗು ಕಿರಿದಾಗುತ್ತದೆ. ಚಕ್ರದ ಒಂದು ಕಡೆ ತೂಕ ಚೂರು ಹೆಚ್ಚಿದ್ದರೂ ನಿಂತ ಭಂಗಿಯಲ್ಲಿ ಅದು ಎದ್ದು ಕಾಣುತ್ತದೆ. ಈ ತೊಂದರೆಯನ್ನು ಸರಿದೂಗಿಸಲೆಂದೇ ಪ್ಯಾರಿಸ್ಸಿನ ಗಡಿಯಾರ ತಯಾರಕ ಬ್ರೆಗೆ ಇಡೀ ಬ್ಯಾಲೆನ್ಸನ್ನೇ ತಿರುಗಿಸುವ ಟೂರ್ಬಿಲ್ಯನ್ ಮಾಡಿ 1801ರಲ್ಲಿ ಪೇಟೆಂಟ್ ಪಡೆದ.

ನಮಗೆ ಅಷ್ಟೆಲ್ಲ ಬೇಡ. ರಾತ್ರಿ ಬಿಚ್ಚಿಟ್ಟಾಗಿನಿಂದ ಬೆಳಿಗ್ಗೆ ಎತ್ತಿಕೊಳ್ಳುವವರೆಗಿನ ವ್ಯತ್ಯಾಸ ನೋಡಿ. ಒಂದು ರಾತ್ರಿ ಡಯಲ್ ಮೇಲೆ, ಮರುರಾತ್ರಿ ಡಯಲ್ ಕೆಳಗೆ, ಆಮೇಲೆ ಗುಂಡಿ ಕೆಳಗಾಗಿ ಒರಗಿಸಿ, ಗುಂಡಿ ಮೇಲಾಗಿ ಒರಗಿಸಿ. ಯಾವುದರಲ್ಲಿ ಮುಂದೆ, ಯಾವುದರಲ್ಲಿ ಹಿಂದೆ ಎಂಬುದು ಗೊತ್ತಾದರೆ ಮುಚ್ಚಳ ತೆರೆಯದೆಯೇ ಅರ್ಧ ಕೆಲಸ ಆಗುತ್ತದೆ. ಹಗಲು ಕೈಯಲ್ಲಿ 10 ಸೆಕೆಂಡ್ ಮುಂದೆ ಓಡುವ ವಾಚನ್ನು ರಾತ್ರಿ ಹಿಂದೆ ಬೀಳುವ ಭಂಗಿಯಲ್ಲಿ ಇಡಿ. ಇದು ಬಹಳ ಹಳೆಯ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ.

ಬಿಸಿಲು, ಎಸಿಯ ವಿಷಯ ಬೇಗ ಮುಗಿಸುತ್ತೇನೆ. ಸಾದಾ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಗೆ ಸಡಿಲವಾಗಿ ವಾಚು ನಿಧಾನವಾಗುತ್ತಿತ್ತು. ಉಷ್ಣಕ್ಕೆ ಹೆಚ್ಚು ಬದಲಾಗದ ನಿಕ್ಕಲ್–ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಚಾರ್ಲ್ಸ್ ಗಿಯೋಮ್ ಅದಕ್ಕಾಗಿ 1920ರ ಭೌತಶಾಸ್ತ್ರದ ನೊಬೆಲ್ ಪಡೆದರು. ಆ ಜಾತಿಯ ಲೋಹದ ಸುರುಳಿ ಇರುವ ವಾಚುಗಳಿಗೆ ಮುಂಬಯಿಯ ಸೆಕೆ ದೊಡ್ಡ ತೊಂದರೆಯಲ್ಲ. ಇಲ್ಲಿಯ ತೇವವೇ ದೊಡ್ಡ ತೊಂದರೆ, ಅದನ್ನು ಮುಂದೆ ಹೇಳುತ್ತೇನೆ.

ಹಂತ 5: ಅಯಸ್ಕಾಂತದ ಕಾಟ

ನಿನ್ನೆಯವರೆಗೆ ಸರಿ ಇದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಐದೋ ಹತ್ತೋ ನಿಮಿಷ ಮುಂದೆ ಓಡಲು ಶುರು ಮಾಡಿದರೆ ಮೊದಲ ಗುಮಾನಿ ಇಲ್ಲಿರಲಿ. ಸ್ಪೀಕರ್, ಮೊಬೈಲ್ ಕವರಿನ ಮ್ಯಾಗ್ನೆಟ್, ಪರ್ಸಿನ ಬಕ್ಕಲ್, ಫ್ರಿಜ್ಜಿನ ಬಾಗಿಲು, ಯಾವುದರ ಹತ್ತಿರ ಇಟ್ಟರೂ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಬಹುದು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಸುರುಳಿಯ ಕೆಲಸ ಮಾಡುವ ಉದ್ದ ಕಡಿಮೆಯಾಗುತ್ತದೆ. ಉದ್ದ ಕಡಿಮೆಯಾದರೆ ಬಡಿತ ಜೋರು.

ಪರೀಕ್ಷೆಗೆ ಸಾದಾ ದಿಕ್ಸೂಚಿ ಸಾಕು. ಓಡುತ್ತಿರುವ ವಾಚಿನ ಮೇಲೆ ಅದನ್ನು ನಿಧಾನವಾಗಿ ಸರಿಸಿ. ದಿಕ್ಸೂಚಿಯ ಮುಳ್ಳು ಅಲುಗಾಡಿದರೆ ಅಥವಾ ಬಡಿತಕ್ಕೆ ತಕ್ಕಂತೆ ನಡುಗಿದರೆ ಅನುಮಾನ ನಿಜ. ಅಯಸ್ಕಾಂತದ ಗುಣ ತೆಗೆಯುವ, ಕಾಯಿಲ್ ಇರುವ ಡಿಮ್ಯಾಗ್ನೆಟೈಜರ್ ಡಬ್ಬಿ ದುಬಾರಿಯೇನಲ್ಲ. ವಾಚನ್ನು ಅದರ ಮೇಲಿಟ್ಟು ಬಟನ್ ಒತ್ತಿ, ಒತ್ತಿಹಿಡಿದಂತೆಯೇ ವಾಚನ್ನು ನಿಧಾನವಾಗಿ ಮೇಲಕ್ಕೆ, ಒಂದು ಮೊಳದಷ್ಟು ದೂರ ಒಯ್ಯಿರಿ. ಆಮೇಲಷ್ಟೇ ಬಟನ್ ಬಿಡಿ. ಹತ್ತಿರ ಇರುವಾಗಲೇ ಬಿಟ್ಟರೆ ತೆಗೆಯಬೇಕಾದದ್ದು ಇನ್ನಷ್ಟು ಹತ್ತಿಕೊಳ್ಳುತ್ತದೆ.

ಹಂತ 6: ಟೈಮ್‌ಗ್ರಾಫರ್

ಟೈಮ್‌ಗ್ರಾಫರ್ ವಾಚಿನ ಬಡಿತವನ್ನು ಮೈಕಿನಲ್ಲಿ ಕೇಳಿ ಮೂರು ಅಂಕಿ ಕೊಡುತ್ತದೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಇರುವ ಅಂಗಡಿಯಲ್ಲಿ ಒಮ್ಮೆ ಇಡಿಸಿ ನೋಡಿ. ಮೊಬೈಲ್ ಆ್ಯಪುಗಳೂ ಇವೆ, ಫ್ಯಾನು ಆರಿಸಿ ಬಳಸಿದರೆ ಮೊದಲ ಅಂಕಿಗೆ ಪರವಾಗಿಲ್ಲ.

ಮೊದಲನೆಯದು ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆಮುಂದೆ ಎಂಬುದು. ಎರಡನೆಯದು ಆಂಪ್ಲಿಟ್ಯೂಡ್, ಬ್ಯಾಲೆನ್ಸ್ ಎಷ್ಟು ಡಿಗ್ರಿ ತೂಗುತ್ತದೆ ಎಂಬುದು. ನನಗೆ ಮುಖ್ಯ ಇದು. ಪೂರ್ತಿ ಕೀ ಕೊಟ್ಟು ಮಲಗಿಸಿದ ಒಳ್ಳೆಯ ವಾಚಿನಲ್ಲಿ 270ರಿಂದ 310ರವರೆಗೆ ಬರುತ್ತದೆ, ಹಳೆಯದರಲ್ಲಿ 250 ಬಂದರೂ ಒಪ್ಪಬಹುದು. 200ಕ್ಕಿಂತ ಕೆಳಗಿದ್ದರೆ ಒಳಗೆ ಕೊಳೆ, ಒಣಗಿದ ಆಯಿಲ್ ಅಥವಾ ಸೋತ ಮೇನ್‌ಸ್ಪ್ರಿಂಗ್ ಇದೆ ಎಂದೇ ತಿಳಿಯಿರಿ. ಯಂತ್ರದಲ್ಲಿ ‘ಲಿಫ್ಟ್ ಆ್ಯಂಗಲ್’ (ಪ್ರತಿ ಬಡಿತದಲ್ಲಿ ಪ್ಯಾಲೆಟ್ ಫೋರ್ಕ್ ತಾಗಿರುವಾಗ ಬ್ಯಾಲೆನ್ಸ್ ತಿರುಗುವ ಕೋನ) ಆ ವಾಚಿಗೆ ತಕ್ಕಂತೆ ಇರದಿದ್ದರೆ ಈ ಅಂಕಿ ತಪ್ಪು ಬರುತ್ತದೆ ಎಂಬುದೂ ನೆನಪಿರಲಿ. ಮೂರನೆಯದು ಬೀಟ್ ಎರರ್, ಟಿಕ್ ಮತ್ತು ಟಾಕ್ ನಡುವಿನ ಅಸಮತೆ. ಒಂದು ಮಿಲಿಸೆಕೆಂಡಿನ ಒಳಗಿದ್ದರೆ ಹಳೆಯ ವಾಚಿಗೆ ಸಾಕು.

ಕೆಲವೊಮ್ಮೆ ಯಂತ್ರ "5 ಸೆಕೆಂಡ್ ಮುಂದೆ" ಎನ್ನುತ್ತದೆ, ಮುಳ್ಳುಗಳು ಮಾತ್ರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತವೆ. ಆಗ ಬಡಿತದಲ್ಲಿ ದೋಷವಿಲ್ಲ. ನಿಮಿಷದ ಮುಳ್ಳನ್ನು ಹೊತ್ತ ಕ್ಯಾನನ್ ಪಿನಿಯನ್ ಸಡಿಲವಾಗಿ ಜಾರುತ್ತಿದೆ. ನಾವು ಮುಳ್ಳು ತಿರುಗಿಸಲು ಸಾಧ್ಯವಾಗಲೆಂದು ಅದನ್ನು ಬರೀ ಬಿಗಿ ಹಿಡಿತದಲ್ಲಿ ಕೂರಿಸಿರುತ್ತಾರೆ, ಆ ಹಿಡಿತ ಸವೆದಿದೆ. ರಿಪೇರಿಯವರಿಗೆ ಇದು ಚಿಕ್ಕ ಕೆಲಸ. ಇದನ್ನು ಗುರುತಿಸದೆ ರೆಗ್ಯುಲೇಟರನ್ನು ಕೊನೆಯವರೆಗೆ ತಳ್ಳಿಟ್ಟ ವಾಚುಗಳು ಎಷ್ಟೋ.

ಹಂತ 7: ಮುಚ್ಚಳ ತೆರೆದು ಸರಿಸುವುದು

ದಿನದ ತಪ್ಪು ಒಂದೇ ಸಮನಾಗಿದೆ, ಅಯಸ್ಕಾಂತವಿಲ್ಲ, ಆಂಪ್ಲಿಟ್ಯೂಡ್ ಚೆನ್ನಾಗಿದೆ. ಈ ಮೂರೂ ಹೌದಾದರೆ ಮಾತ್ರ ಮುಂದೆ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಮಳೆ ಸುರಿಯುವಾಗ ಕಿಟಕಿ ಪಕ್ಕ ಕೂತು ವಾಚು ತೆರೆಯಬೇಡಿ. ಸಮುದ್ರದ ಗಾಳಿಯ ತೇವ ಒಳಗೆ ಸೇರಿದರೆ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಎಸಿ ಇರುವ ಕೋಣೆ, ಫ್ಯಾನಿಲ್ಲದ ಮೇಜು, ಬಿಳಿ ಕಾಗದ, ಒಳ್ಳೆಯ ಬೆಳಕು. ಕೈ ತೊಳೆದು ಒರೆಸಿಕೊಳ್ಳಿ. ಧೂಳು ಕಂಡರೆ ಬಾಯಿಂದ ಊದಬೇಡಿ, ಉಸಿರಲ್ಲೂ ತೇವವಿದೆ. ರಬ್ಬರ್ ಬ್ಲೋವರ್ ಬಳಸಿ.

ಒತ್ತಿ ಕೂರಿಸಿದ ಮುಚ್ಚಳವಾದರೆ ಅಂಚಿನಲ್ಲಿ ಸಣ್ಣ ತುಟಿಯಂಥ ಜಾಗ ಇರುತ್ತದೆ, ಕೇಸ್ ಓಪನರ್ ಅಲ್ಲಿಗೆ ಕೊಟ್ಟು ಮೆಲ್ಲಗೆ ತಿರುಚಿ. ತಿರುಪಿನ ಮುಚ್ಚಳಕ್ಕೆ ಅಂಟಂಟಾದ ರಬ್ಬರ್ ಚೆಂಡನ್ನು ಒತ್ತಿ ಎಡಕ್ಕೆ ತಿರುಗಿಸಿದರೆ ಎಷ್ಟೋ ಸಲ ಬಿಚ್ಚಿಕೊಳ್ಳುತ್ತದೆ, ಗೀರೂ ಬೀಳುವುದಿಲ್ಲ.

ಬ್ಯಾಲೆನ್ಸ್ ಚಕ್ರವನ್ನು ಹಿಡಿದ ಸೇತುವೆಯ ಮೇಲೆ ಒಂದು ಸಣ್ಣ ಕಡ್ಡಿ ಇದೆ, ಅದೇ ರೆಗ್ಯುಲೇಟರ್. ಪಕ್ಕದಲ್ಲಿ + ಮತ್ತು −, ಅಥವಾ ಎಫ್ ಮತ್ತು ಎಸ್, ಇಲ್ಲವೆ ಎ ಮತ್ತು ಆರ್ ಎಂಬ ಗುರುತು. +, ಎಫ್, ಎ ಕಡೆಗೆ ಸರಿಸಿದರೆ ಜೋರು. ಕಡ್ಡಿಯ ಕೆಳಗಿನ ಎರಡು ಪಿನ್ನುಗಳ ನಡುವೆ ಹೇರ್‌ಸ್ಪ್ರಿಂಗಿನ ಹೊರ ಎಳೆ ಹಾದುಹೋಗುತ್ತದೆ. ಪಿನ್ನು ಸರಿದಂತೆ ಸುರುಳಿಯ ಕೆಲಸ ಮಾಡುವ ಉದ್ದ ಬದಲಾಗುತ್ತದೆ, ಅಷ್ಟೇ ಇದರ ರಹಸ್ಯ. ಸುರುಳಿಯ ಹೊರ ತುದಿಯನ್ನು ಹಿಡಿದಿರುವ ಇನ್ನೊಂದು ಕಡ್ಡಿ ಪಕ್ಕದಲ್ಲೇ ಇರಬಹುದು. ಅದನ್ನು ಸರಿಸಿದರೆ ಬೀಟ್ ಎರರ್ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಗುರುತಿಸಿಕೊಂಡ ಮೇಲೆಯೇ ಕೈ ಹಾಕಿ.

ಚೂಪು ಮಾಡಿದ ಮರದ ಕಡ್ಡಿಯಿಂದ ರೆಗ್ಯುಲೇಟರನ್ನು ಸರಿಯಿತೋ ಇಲ್ಲವೋ ಎಂಬಷ್ಟು ಮಾತ್ರ ತಳ್ಳಿ. ಕಣ್ಣಿಗೆ ಕಾಣುವಷ್ಟು ಸರಿದರೆ ದಿನಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು ಬದಲಾಗಬಹುದು. ಉಕ್ಕಿನ ಸ್ಕ್ರೂಡ್ರೈವರ್ ಬೇಡ. ಜಾರಿ ಹೇರ್‌ಸ್ಪ್ರಿಂಗಿಗೆ ತಾಗಿದರೆ ಅದನ್ನು ನೇರ ಮಾಡಲು ನುರಿತ ಕೈಯೇ ಬೇಕು. ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಿ ಮುಚ್ಚಿ, ಪೂರ್ತಿ ಕೀ ಕೊಟ್ಟು 24 ಗಂಟೆ ಬಿಟ್ಟು ಅಳೆಯಿರಿ. ಒಂದೇ ದಿನ ನಾಲ್ಕು ಸಲ ಸರಿಸುವುದಕ್ಕಿಂತ ನಾಲ್ಕು ದಿನ ಒಂದೊಂದು ಸಲ ಸರಿಸುವುದು ಒಳ್ಳೆಯದು. ಒಟ್ಟಾರೆ 5ರಿಂದ 10 ಸೆಕೆಂಡ್ ಮುಂದೆ ಇರುವಂತೆ ನಿಲ್ಲಿಸಿ. ಲೋಕಲ್ ಹಿಡಿಯುವವರಿಗೆ ಹಿಂದೆ ಬೀಳುವ ವಾಚಿಗಿಂತ ಚೂರು ಮುಂದಿರುವ ವಾಚು ವಾಸಿ.

ಹಂತ 8: ಸರ್ವಿಸ್‌ಗೆ ಕೊಡುವಾಗ

ಅಳತೆ ಹದಗೆಟ್ಟಿದ್ದರೆ, ಆಂಪ್ಲಿಟ್ಯೂಡ್ ಬಿದ್ದಿದ್ದರೆ, ಅಥವಾ ಐದಾರು ವರ್ಷಗಳಿಂದ ಒಳಗೆ ಆಯಿಲ್ ಕಂಡಿರದಿದ್ದರೆ ಸರ್ವಿಸ್ ಬೇಕು. ದಾದರ್, ಫೋರ್ಟ್ ಕಡೆಯ ಹಳೆಯ ಅಂಗಡಿಗಳಲ್ಲಿ ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಕೂತ ಕುಶಲಿಗರು ಇನ್ನೂ ಇದ್ದಾರೆ. ಅವರ ಕೆಲಸಕ್ಕೆ ಕೇಳಿದಷ್ಟು ಕೊಡುವುದು ನ್ಯಾಯ. ಆದರೆ ‘ಸರ್ವಿಸ್’ ಎಂದರೆ ಏನು ಮಾಡುತ್ತಾರೆ ಎಂದು ಮೊದಲೇ ಕೇಳಿ. ಮೂವ್‌ಮೆಂಟನ್ನು (ಒಳಗಿನ ಯಂತ್ರವನ್ನು) ಬಿಚ್ಚದೆ ಹಾಗೆಯೇ ಪೆಟ್ರೋಲಿನಲ್ಲಿ ಅದ್ದಿ, ಮೇಲಿಂದ ಆಯಿಲ್ ಹನಿಸಿ ಕೊಡುವವರೂ ಇದ್ದಾರೆ. ಅಂಥ ವಾಚು ಒಂದು ತಿಂಗಳು ಚೆನ್ನಾಗಿ ಓಡಿ ಮತ್ತೆ ಕೂರುತ್ತದೆ. "ಪೂರಾ ಖೋಲ್ ಕೇ ಸಾಫ್ ಕರನಾ ಹೈ" ಎಂದು ಬಾಯಿಬಿಟ್ಟು ಹೇಳಿ. ಬ್ಯಾರಲ್ಲಿಗೆ ದಪ್ಪ ಆಯಿಲ್, ಬ್ಯಾಲೆನ್ಸಿನ ಕಲ್ಲಿಗೆ ತೆಳು ಆಯಿಲ್, ಹೇರ್‌ಸ್ಪ್ರಿಂಗಿಗೆ ಯಾವ ಆಯಿಲೂ ಇಲ್ಲ. ಇದನ್ನು ಕೇಳದೆಯೇ ಹೇಳುವವರ ಹತ್ತಿರ ಧೈರ್ಯವಾಗಿ ಬಿಟ್ಟು ಬನ್ನಿ.

ಮನೆಯಲ್ಲಿ ವಾಚಿಲ್ಲದೆ ಹೊಸದಾಗಿ ಹುಡುಕುವವರಿಗೆ ಒಂದು ಎಚ್ಚರಿಕೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಹೆಚ್ಚಿದೆ. ಚೋರ್ ಬಜಾರಿನಲ್ಲೂ ಆನ್‌ಲೈನಿನಲ್ಲೂ ಡಯಲ್‌ಗೆ ಹೊಸ ಬಣ್ಣ ಹೊಡೆದು, ಹತ್ತು ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ ವಾಚುಗಳು ಬರುತ್ತವೆ. ಹೊರದೇಶದ ಸಂಗ್ರಾಹಕರು ಇವಕ್ಕೆ ‘ಮುಂಬಯಿ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಬಣ್ಣ ಕಣ್ಣಿಗೆ ಕಾಣುವ ದೋಷ, ಸಮಯಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಒಳಗಿರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಬ್ಯಾಲೆನ್ಸ್ ಚಕ್ರಕ್ಕೂ ಹೊಂದುವ ಹೇರ್‌ಸ್ಪ್ರಿಂಗನ್ನು ಆರಿಸಿ ಜೋಡಿ ಮಾಡಿರುತ್ತಾರೆ. ಒಂದರ ಚಕ್ರಕ್ಕೆ ಇನ್ನೊಂದರ ಸುರುಳಿ ಹಾಕಿದ ವಾಚಿನಲ್ಲಿ ರೆಗ್ಯುಲೇಟರನ್ನು ಕೊನೆಗೆ ತಳ್ಳಿದರೂ ಸಮಯ ಸಿಗದಿರಬಹುದು. ಮುಚ್ಚಳ ತೆರೆದು ತೋರಿಸಲು ಹೇಳಿ. ರೆಗ್ಯುಲೇಟರ್ ಕಡ್ಡಿ ಮಧ್ಯದ ಆಸುಪಾಸಿನಲ್ಲಿದ್ದರೆ ಒಳ್ಳೆಯ ಲಕ್ಷಣ, ಒಂದು ತುದಿಗೆ ಹೋಗಿ ಕೂತಿದ್ದರೆ ಬೆಲೆ ಕೇಳದೆ ಮುಂದೆ ಹೋಗಿ.

ಸರ್ವಿಸ್‌ನಿಂದ ಬಂದ ವಾಚಿಗೆ ವಾರದ ಮಟ್ಟಿಗೆ ಕೈ ಹಾಕಬೇಡಿ. ಹೊಸ ಆಯಿಲ್ ಹರಡಿಕೊಳ್ಳುವವರೆಗೆ ದರ ಸ್ವಲ್ಪ ಬದಲಾಗುತ್ತಿರುತ್ತದೆ. ಆ ವಾರವೂ ಪುಸ್ತಕದಲ್ಲಿ ಬರೆಯಿರಿ. ಸರ್ವಿಸ್‌ಗೆ ಮುಂಚಿನ ಪುಟ ಮತ್ತು ಈ ಪುಟ ಎರಡನ್ನೂ ಅಂಗಡಿಯವರಿಗೆ ತೋರಿಸಿದರೆ, ಉಳಿದ ನಾಲ್ಕೈದು ಸೆಕೆಂಡನ್ನು ಅವರೇ ಕೂತಲ್ಲಿಯೇ ಸರಿಪಡಿಸಿ ಕೊಡುತ್ತಾರೆ.